ಟರ್ಬೊ ಕಾರಿನ ಹೆಚ್ಚುವರಿ ಕುದುರೆಗಳು

ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲೆ ಒಂದು ಅಲ್ಯೂಮಿನಿಯಂ ಪಿಸ್ಟನ್ ಇದೆ. ಮೊದಲ ರಿಂಗು ಕೂರುವ ಕಚ್ಚಿನ ಮೇಲಿನ ಅಂಚು ಒಂದು ಕಡೆ ಮುರಿದಿದೆ. ಅದರ ಸುತ್ತಲಿನ ಲೋಹ ಮೇಣದಂತೆ ಕರಗಿ ಹರಿದಿದೆ. ಅದನ್ನು ತಂದುಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಟರ್ಬೊ ಪೆಟ್ರೋಲ್ ಕಾರನ್ನು ಅವನು ಒಂದು ವರ್ಕ್‌ಶಾಪಿಗೆ ಒಯ್ದಿದ್ದ. ಅಲ್ಲಿ ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಒಂದು ಗಂಟೆಯಲ್ಲಿ ಕೆಲಸ ಮುಗಿಸಿದರು. ಕಾರು ಬಾಣದಂತೆ ಓಡತೊಡಗಿತು. ಮೂರನೆಯ ತಿಂಗಳು, ಬೇಸಿಗೆಯ ಮಧ್ಯಾಹ್ನ, ನಾಲ್ಕು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು.

ಅವನ ಪ್ರಶ್ನೆ ಹೀಗಿತ್ತು: "ಸರ್, ಅವರು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಬರೀ ಕೆಲವು ಸಂಖ್ಯೆ ಬದಲಾಯಿಸಿದರೆ 40 ಹೆಚ್.ಪಿ. ಎಲ್ಲಿಂದ ಬಂತು? ಬಂದದ್ದು ಹೀಗೇಕೆ ಹೋಯಿತು?"

ಎರಡೂ ಪ್ರಶ್ನೆಗಳಿಗೆ ಪಿಯುಸಿ ಭೌತಶಾಸ್ತ್ರದಲ್ಲೇ ಬಹುಪಾಲು ಉತ್ತರವಿದೆ.

ಗಾಳಿಯ ಲೆಕ್ಕ

ಮೊದಲು ಒಂದು ಮಾತು. ಹಾರ್ಸ್‌ಪವರ್‌ಗೆ ನಾವು 'ಅಶ್ವಶಕ್ತಿ' ಎಂದು ಹೇಳಿ ರೂಢಿಯಾಗಿದೆ. ಆದರೆ ಅದು ಶಕ್ತಿಯ ಮಾನವಲ್ಲ, ಸಾಮರ್ಥ್ಯದ ಮಾನ. ಎಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸ. ಮೆಟ್ರಿಕ್ ಪದ್ಧತಿಯಲ್ಲಿ ಒಂದು ಅಶ್ವಸಾಮರ್ಥ್ಯ ಎಂದರೆ 735.5 ವ್ಯಾಟ್. ಈ 'ಒಂದು ಸೆಕೆಂಡಿನಲ್ಲಿ' ಎಂಬುದನ್ನು ಮರೆಯದಿದ್ದರೆ ಮುಂದಿನ ಲೆಕ್ಕವೆಲ್ಲ ಸುಲಭ.

ಎಂಜಿನ್ನಿಗೆ ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಕಷ್ಟವಿರುವುದು ಗಾಳಿಯಲ್ಲಿ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಆಗ ಬಿಡುಗಡೆಯಾಗುವ ಉಷ್ಣ ಸುಮಾರು 44 ಮೆಗಾಜೂಲ್. ಲೆಕ್ಕವನ್ನು ತಿರುಗಿಸಿ ನೋಡಿದರೆ, ಒಂದು ಕಿಲೋಗ್ರಾಂ ಗಾಳಿಗೆ 3 ಮೆಗಾಜೂಲ್. ಎಂಜಿನ್ನಿನ ದಕ್ಷತೆ ಶೇಕಡಾ 30 ಎಂದುಕೊಂಡರೆ ಚಕ್ರದ ಕಡೆಗೆ ಹೋಗುವುದು 0.9 ಮೆಗಾಜೂಲ್. ಅಂದರೆ ಸೆಕೆಂಡಿಗೆ ಒಂದು ಗ್ರಾಂ ಗಾಳಿ ಒಳಹೋದರೆ 900 ವ್ಯಾಟ್, ಸುಮಾರು ಒಂದೂಕಾಲು ಅಶ್ವಸಾಮರ್ಥ್ಯ. ಕಾರುಗಳನ್ನು ಟ್ಯೂನ್ ಮಾಡುವವರು ಅನುಭವದಿಂದ ಬಳಸುವ ಸೂತ್ರವೂ ಹೆಚ್ಚುಕಡಿಮೆ ಇದೇ.

ಇದನ್ನು ಒಂದು ನಿಜವಾದ ಎಂಜಿನ್ನಿಗೆ ಅನ್ವಯಿಸೋಣ. ಫೋಕ್ಸ್‌ವ್ಯಾಗನ್ ಮತ್ತು ಆಡಿ ಕಂಪನಿಗಳು 1990ರ ದಶಕದ ಮಧ್ಯದಿಂದ ಸುಮಾರು ಹತ್ತು ವರ್ಷ ತಯಾರಿಸಿದ 1.8 ಲೀಟರ್ ಟರ್ಬೊ ಎಂಜಿನ್ ನಮ್ಮ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ದೇಶದಲ್ಲಿ ಸ್ಕೋಡಾ ಆಕ್ಟೇವಿಯಾದ ಒಂದು ಮಾದರಿಯಲ್ಲೂ ಅದು ಬಂದಿತ್ತು. ಸಿಲಿಂಡರಿನ ವ್ಯಾಸ 81 ಮಿ.ಮೀ., ಪಿಸ್ಟನ್ನಿನ ಓಟ 86.4 ಮಿ.ಮೀ.; ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ 1781 ಘನ ಸೆಂ.ಮೀ. ಟರ್ಬೊ ಇಲ್ಲದ ಇದೇ ಎಂಜಿನ್ 125 ಅಶ್ವಸಾಮರ್ಥ್ಯ ಕೊಡುತ್ತಿತ್ತು. ಟರ್ಬೊ ಸೇರಿಸಿ ಕಾರ್ಖಾನೆಯೇ 150, 180, 225 ಎಂದು ಮೂರು ಮುಖ್ಯ ಮಾದರಿಗಳನ್ನು ಮಾರಿತು. ಗಾತ್ರ ಮಾತ್ರ ಎಲ್ಲದರಲ್ಲೂ ಅದೇ.

ನಿಮಿಷಕ್ಕೆ 5700 ಸುತ್ತು ಎಂದರೆ ಸೆಕೆಂಡಿಗೆ 95 ಸುತ್ತು. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ಹಾಗಾಗಿ ಸೆಕೆಂಡಿಗೆ ಸುಮಾರು 85 ಲೀಟರ್ ಗಾಳಿ. ಸಿಲಿಂಡರ್ ಪೂರ್ತಿ ತುಂಬುತ್ತದೆಂದುಕೊಂಡರೆ, ಲೀಟರಿಗೆ 1.18 ಗ್ರಾಂನಂತೆ 100 ಗ್ರಾಂ. ನಮ್ಮ ಸೂತ್ರದ ಪ್ರಕಾರ 125 ಅಶ್ವಸಾಮರ್ಥ್ಯ. ಉತ್ತರ ಇಷ್ಟು ಚೆನ್ನಾಗಿ ಹೊಂದಿದ್ದರಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ಲೆಕ್ಕದ ದಾರಿ ಸರಿಯಾದದ್ದೇ. ಇದೇ ಎಂಜಿನ್ 225 ಕೊಡಬೇಕಾದರೆ ಸೆಕೆಂಡಿಗೆ 180 ಗ್ರಾಂ ಗಾಳಿ ಬೇಕು. ಗಾತ್ರ ಬದಲಾಗುವಂತಿಲ್ಲ, ವೇಗವನ್ನೂ ಹೆಚ್ಚು ಏರಿಸುವಂತಿಲ್ಲ. ಉಳಿದ ಒಂದೇ ದಾರಿ ಗಾಳಿಯ ಸಾಂದ್ರತೆಯನ್ನು 1.8 ಪಟ್ಟು ಮಾಡುವುದು.

ಬೆಟ್ಟದ ಮೇಲಿನ ಪ್ರಯೋಗ

ಹೊರಗೆ ಹೋಗುವ ಬಿಸಿ ಅನಿಲದಿಂದ ಒಂದು ಟರ್ಬೈನನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಸಂಪೀಡಕದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕೊಡುವ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ. ಅದನ್ನು ಡೀಸೆಲ್ ಎಂಜಿನ್ನಿನಲ್ಲಿ ಯಶಸ್ವಿಯಾಗಿ ತೋರಿಸಲು ಅವನಿಗೆ ಇಪ್ಪತ್ತು ವರ್ಷ ಬೇಕಾಯಿತು. ಅಷ್ಟರೊಳಗೆ ಅಮೆರಿಕದಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, ಸುಮಾರು 4300 ಮೀಟರ್ ಎತ್ತರಕ್ಕೆ ಒಯ್ದ. ಕೆಳಗೆ ಸುಮಾರು 350 ಅಶ್ವಸಾಮರ್ಥ್ಯ ಕೊಡುತ್ತಿದ್ದ ಎಂಜಿನ್ ಅಲ್ಲಿನ ತೆಳು ಗಾಳಿಯಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಎಂಜಿನ್ನಿನ ಸಾಮರ್ಥ್ಯ ಗಾಳಿಯ ರಾಶಿಯನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪ್ರಯೋಗ ನನಗೆ ಗೊತ್ತಿಲ್ಲ.

ಇಂದಿನ ಕಾರಿನ ಟರ್ಬೊ ಒಂದು ಮೂಸಂಬಿಯಷ್ಟು ದೊಡ್ಡದು. ಸಂಪೀಡಕದ ಚಕ್ರದ ವ್ಯಾಸ 50 ಮಿ.ಮೀ. ಇದ್ದು ನಿಮಿಷಕ್ಕೆ 1,50,000 ಸುತ್ತು ತಿರುಗುತ್ತದೆ ಎನ್ನೋಣ. ಅಂಚಿನ ವೇಗ ಸೆಕೆಂಡಿಗೆ ಸುಮಾರು 390 ಮೀಟರ್, ಶಬ್ದದ ವೇಗಕ್ಕಿಂತ ಹೆಚ್ಚು. ಅಂಚಿನಲ್ಲಿರುವ ಒಂದು ಗ್ರಾಂ ಲೋಹವನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾದ ಕೇಂದ್ರಾಭಿಮುಖ ಬಲ ಆರು ಸಾವಿರ ನ್ಯೂಟನ್ನಿಗೂ ಹೆಚ್ಚು. ಅಂದರೆ 600 ಕಿಲೋಗ್ರಾಂಗೂ ಮಿಕ್ಕಿದ ತೂಕ ಒಂದು ಗ್ರಾಂನಿಂದ ನೇತಾಡಿದಂತೆ. ಕೋನೀಯ ವೇಗದ ವರ್ಗದೊಡನೆ ಬಲ ಏರುತ್ತದೆ ಎಂದು ಹಲಗೆಯ ಮೇಲೆ ಬರೆಯುವಾಗ ಈ ಉದಾಹರಣೆ ಕೊಡಿ, ಮಕ್ಕಳು ಮರೆಯುವುದಿಲ್ಲ.

'ಹೇಗೂ ವ್ಯರ್ಥವಾಗುವ ಉಷ್ಣದಿಂದ ಪುಕ್ಕಟೆ ಸಿಗುವ ಕೆಲಸ' ಎಂದು ಟರ್ಬೊವನ್ನು ವರ್ಣಿಸುವುದುಂಟು. ಪೂರ್ತಿ ಪುಕ್ಕಟೆಯಲ್ಲ. ಟರ್ಬೈನ್ ದಾರಿಗೆ ಅಡ್ಡ ನಿಂತಿರುವುದರಿಂದ ಹೊಗೆಯನ್ನು ಹೊರದಬ್ಬಲು ಪಿಸ್ಟನ್ ಹೆಚ್ಚು ಕೆಲಸ ಮಾಡಬೇಕಾಗುತ್ತದೆ. ಆದರೂ ವ್ಯಾಪಾರ ಲಾಭದ್ದೇ.

ಒತ್ತಿದರೆ ಬಿಸಿ

ಸಾಂದ್ರತೆ 1.8 ಪಟ್ಟು ಬೇಕೆಂದರೆ ಒತ್ತಡವನ್ನು 1.8 ಪಟ್ಟು ಮಾಡಿದರೆ ಸಾಕಲ್ಲವೇ? ಸಾಲದು. ಸೈಕಲ್ ಪಂಪಿನಿಂದ ಗಾಳಿ ಹಾಕಿದ ಯಾರಿಗೂ ಕಾರಣ ಗೊತ್ತು; ಪಂಪಿನ ತುದಿ ಬಿಸಿಯಾಗುತ್ತದೆ. ಸ್ಥಿರೋಷ್ಣ ಸಂಪೀಡನೆಯಲ್ಲಿ ಒತ್ತಡ ಎಷ್ಟು ಪಟ್ಟು ಏರುತ್ತದೆಯೋ ಅದರ 0.286ನೆಯ ಘಾತದಷ್ಟು ಪಟ್ಟು ಪರಮ ತಾಪ ಏರುತ್ತದೆ. ಹೊರಗಿನ ತಾಪ 300 ಕೆಲ್ವಿನ್, ಅಂದರೆ 27 ಡಿಗ್ರಿ ಸೆಲ್ಸಿಯಸ್ ಇರಲಿ. ಒತ್ತಡವನ್ನು ಇಮ್ಮಡಿ ಮಾಡಿದರೆ ಆದರ್ಶ ಸಂಪೀಡಕದಲ್ಲಿ ತಾಪ 66 ಡಿಗ್ರಿ ಏರುತ್ತದೆ. ನಿಜವಾದ ಸಂಪೀಡಕದ ದಕ್ಷತೆ ಶೇಕಡಾ 70ರ ಆಸುಪಾಸು. ಹಾಗಾಗಿ ಏರಿಕೆ 94 ಡಿಗ್ರಿ. ಹೊರಬರುವ ಗಾಳಿ 121 ಡಿಗ್ರಿಯಲ್ಲಿರುತ್ತದೆ. ನೀರು ಕುದಿಯುವುದಕ್ಕಿಂತ ಬಿಸಿಯಾದ ಗಾಳಿಯನ್ನು ಉಸಿರಾಡುವ ಎಂಜಿನ್ ಎಂದಾಯಿತು! ಈಗ ಸಾಂದ್ರತೆ ಎಷ್ಟು? ಒತ್ತಡ ಇಮ್ಮಡಿಯಾದರೂ, ತಾಪ 300ರಿಂದ 394 ಕೆಲ್ವಿನ್ನಿಗೆ ಏರಿದ್ದರಿಂದ ಸಾಂದ್ರತೆ 1.52 ಪಟ್ಟು ಮಾತ್ರ. ಅದರಿಂದ ಸಿಗುವುದು 190 ಅಶ್ವಸಾಮರ್ಥ್ಯ, 225 ಅಲ್ಲ.

ಇಲ್ಲಿ ಇಂಟರ್‌ಕೂಲರ್ ಬರುತ್ತದೆ. ಬಂಪರಿನ ಹಿಂದೆ ಕುಳಿತ, ರೇಡಿಯೇಟರಿನಂಥ ಅಲ್ಯೂಮಿನಿಯಂ ಪೆಟ್ಟಿಗೆ ಇದು. ಒಳಗೆ ಬಿಸಿ ಗಾಳಿ, ಹೊರಗೆ ಓಟದ ತಂಗಾಳಿ. ಏರಿದ 94 ಡಿಗ್ರಿಯಲ್ಲಿ ಶೇಕಡಾ 70ನ್ನು ಅದು ತೆಗೆದುಹಾಕಿದರೆ ಉಳಿಯುವ ಏರಿಕೆ 28 ಡಿಗ್ರಿ. ಸಾಂದ್ರತೆ 1.83 ಪಟ್ಟು. ನಮಗೆ ಬೇಕಾದದ್ದು ಸಿಕ್ಕಿತು. 225ರ ಮಾದರಿಗೆ ಕಾರ್ಖಾನೆಯವರು ಎರಡು ಇಂಟರ್‌ಕೂಲರ್‌ಗಳನ್ನೂ ದೊಡ್ಡ ಟರ್ಬೊವನ್ನೂ ಕೊಟ್ಟು, ಸಿಲಿಂಡರಿನ ಸಂಪೀಡನ ಅನುಪಾತವನ್ನು 9.5ರ ಬದಲು ಸುಮಾರು 9ಕ್ಕೆ ಇಳಿಸಿದ್ದರು.

ದೊಡ್ಡ ಟರ್ಬೊ ಏಕೆ ಬೇಕು? ಪ್ರತಿ ಸಂಪೀಡಕಕ್ಕೂ ಅದು ಚೆನ್ನಾಗಿ ಕೆಲಸ ಮಾಡುವ ಒಂದು ವಲಯವಿರುತ್ತದೆ. 150ರ ಮಾದರಿಯ ಚಿಕ್ಕ ಟರ್ಬೊದಿಂದ ಸೆಕೆಂಡಿಗೆ 180 ಗ್ರಾಂ ಗಾಳಿ ಹಿಂಡಲು ಹೊರಟರೆ ದಕ್ಷತೆ ಕುಸಿಯುತ್ತದೆ. ದಕ್ಷತೆ ಶೇಕಡಾ 55 ಆದರೆ ತಾಪದ ಏರಿಕೆ 94 ಅಲ್ಲ, 119 ಡಿಗ್ರಿ. ಒತ್ತಡದ ಮುಳ್ಳು ಮೇಲೇರುತ್ತಲೇ ಇರುತ್ತದೆ, ಗಾಳಿಯ ರಾಶಿ ಅಷ್ಟಾಗಿ ಏರುವುದಿಲ್ಲ. ಹಾಗೆಂದು ತೀರಾ ದೊಡ್ಡ ಟರ್ಬೊ ಹಾಕಿದರೆ ಅದರ ಚಕ್ರದ ಜಡತ್ವ ಭ್ರಾಮಕ ಹೆಚ್ಚಿ, ಆಕ್ಸಿಲರೇಟರ್ ತುಳಿದ ಮೇಲೆ ವೇಗ ಪಡೆಯಲು ತಡವಾಗುತ್ತದೆ. ನಗರದ ರಸ್ತೆಯಲ್ಲಿ ಅಂಥ ಕಾರು ಓಡಿಸುವುದು ಬೇಸರದ ಕೆಲಸ.

ಸಂಖ್ಯೆ ಬದಲಾಯಿಸಿದರೆ ಆಗುವುದೇನು?

ಟರ್ಬೈನಿನ ಪಕ್ಕದಲ್ಲಿ ವೇಸ್ಟ್‌ಗೇಟ್ ಎಂಬ ಪುಟ್ಟ ಕವಾಟವಿದೆ. ಅದು ತೆರೆದರೆ ಬಿಸಿ ಅನಿಲ ಟರ್ಬೈನನ್ನು ಬಳಸಿಕೊಂಡು ಹೊರಗೆ ಹೋಗುತ್ತದೆ, ಟರ್ಬೊದ ವೇಗ ಅಂಕೆಯಲ್ಲಿರುತ್ತದೆ. ಎಷ್ಟು ತೆರೆಯಬೇಕು ಎಂದು ತೀರ್ಮಾನಿಸುವುದು ಎಂಜಿನ್ನಿನ ಗಣಕ, ಇಸಿಯು. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬುದೂ ಅದರದೇ ಕೆಲಸ. ಇವೆಲ್ಲ ಅದರೊಳಗೆ ಕೋಷ್ಟಕಗಳ ರೂಪದಲ್ಲಿವೆ. ನನ್ನ ವಿದ್ಯಾರ್ಥಿಯ ಕಾರಿನಲ್ಲಿ ಬದಲಾದದ್ದು ಈ ಕೋಷ್ಟಕಗಳು. ವೇಸ್ಟ್‌ಗೇಟ್ ತಡವಾಗಿ ತೆರೆಯತೊಡಗಿತು, ಒತ್ತಡ ಏರಿತು, ಗಾಳಿ ಹೆಚ್ಚು ಬಂತು, 40 ಕುದುರೆಗಳೂ ಬಂದವು. ಅವು ಲ್ಯಾಪ್‌ಟಾಪಿನಿಂದ ಬಂದದ್ದಲ್ಲ. ಕಾರ್ಖಾನೆಯವರು ಬೇಕೆಂದೇ ಬಳಸದೆ ಬಿಟ್ಟಿದ್ದ ಅಂತರದಿಂದ ಬಂದದ್ದು. ಆ ಅಂತರ ಇಟ್ಟದ್ದು ಜಿಪುಣತನಕ್ಕಲ್ಲ. ಕಳಪೆ ಪೆಟ್ರೋಲ್, 45 ಡಿಗ್ರಿ ಬಿಸಿಲು, ಧೂಳು ತುಂಬಿದ ಫಿಲ್ಟರ್, ಹತ್ತು ವರ್ಷದ ಸವೆತ, ಇವೆಲ್ಲಕ್ಕೂ ಆ ಅಂತರವೇ ಆಸರೆ.

ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಪೂರ್ಣ ಭಾರದಲ್ಲಿ ಮಿಶ್ರಣವನ್ನು 14.7ರ ಬದಲು 12ರ ಸುಮಾರಿಗೆ, ಅಂದರೆ ಪೆಟ್ರೋಲ್ ತುಸು ಧಾರಾಳವಾಗಿ ಇಡುವುದು ರೂಢಿ. ಉರಿಯದೆ ಉಳಿದ ಪೆಟ್ರೋಲ್ ಆವಿಯಾಗಿ ತಾಪವನ್ನು ಇಳಿಸುತ್ತದೆ. 150 ಅಶ್ವಸಾಮರ್ಥ್ಯಕ್ಕೆ ಸೆಕೆಂಡಿಗೆ 120 ಗ್ರಾಂ ಗಾಳಿ, 10 ಗ್ರಾಂ ಪೆಟ್ರೋಲ್. ನಾಲ್ಕು ಇಂಜೆಕ್ಟರುಗಳಲ್ಲಿ ಹಂಚಿದರೆ ಒಂದಕ್ಕೆ ನಿಮಿಷಕ್ಕೆ 200 ಘನ ಸೆಂ.ಮೀ. 225ಕ್ಕೆ 300. ಇಂಜೆಕ್ಟರ್ ಸದಾ ತೆರೆದೇ ಇರುವಂತಿಲ್ಲವಾದ್ದರಿಂದ ಇನ್ನೂ ಶೇಕಡಾ 20ರಷ್ಟು ದೊಡ್ಡದು ಬೇಕು. ಚಿಕ್ಕ ಇಂಜೆಕ್ಟರನ್ನು ಹಾಗೆಯೇ ಬಿಟ್ಟು ಒತ್ತಡ ಮಾತ್ರ ಏರಿಸಿದರೆ, ಅತಿ ಹೆಚ್ಚು ಪೆಟ್ರೋಲ್ ಬೇಕಾದ ಕ್ಷಣದಲ್ಲೇ ಅದು ಸಾಲದೆ ಬರುತ್ತದೆ.

ಬಡಿತ

ಈಗ ಎರಡನೆಯ ಪ್ರಶ್ನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಸಿಲಿಂಡರಿನ ಗೋಡೆಯ ಕಡೆಗೆ ಹರಡುತ್ತದೆ. ಅದು ಸ್ಫೋಟವಲ್ಲ, ವೇಗದ ಉರಿ. ಜ್ವಾಲೆ ಮುಂದುವರಿದಂತೆ ಅದರ ಮುಂದಿರುವ, ಇನ್ನೂ ಉರಿಯದ ಮಿಶ್ರಣ ಹಿಂಡಿಹೋಗಿ ಬಿಸಿಯಾಗುತ್ತದೆ. ಜ್ವಾಲೆ ತಲುಪುವ ಮುನ್ನವೇ ಆ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಇದೇ ನಾಕಿಂಗ್, ಬಡಿತ.

ಟರ್ಬೊದಿಂದ ಬರುವ ಗಾಳಿಯ ತಾಪ ಇಲ್ಲಿ ಎಷ್ಟು ಮುಖ್ಯ ನೋಡಿ. ಸಂಪೀಡನ ಅನುಪಾತ 9.5 ಇರುವ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಬರುವಷ್ಟರಲ್ಲಿ ಪರಮ ತಾಪ ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಒಳಬರುವ ಗಾಳಿ 30 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಕಿಡಿಯ ಹೊತ್ತಿಗೆ ಅದು 60 ಡಿಗ್ರಿ ಹೆಚ್ಚಳವಾಗಿರುತ್ತದೆ. ಇಂಟರ್‌ಕೂಲರಿನ ನಿಜವಾದ ಉಪಕಾರ ಸಾಂದ್ರತೆಗಿಂತ ಇಲ್ಲೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ಪಿಸ್ಟನ್ ಏಕೆ ಕರಗುತ್ತದೆ? ದಹನದ ತಾಪ 2000 ಡಿಗ್ರಿ ಮೀರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಆದರೂ ಸಾಮಾನ್ಯವಾಗಿ ಏನೂ ಆಗದಿರಲು ಕಾರಣ ಪಿಸ್ಟನ್ನಿಗೆ ಅಂಟಿಕೊಂಡ ತೆಳುವಾದ, ನಿಶ್ಚಲ ಅನಿಲದ ಪದರ. ಅದು ಕಂಬಳಿಯಂತೆ ಉಷ್ಣವನ್ನು ತಡೆಯುತ್ತದೆ. ಬಡಿತದ ಅಲೆಗಳು ಈ ಕಂಬಳಿಯನ್ನು ಕಿತ್ತೊಗೆಯುತ್ತವೆ. ಲೋಹ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ, ಅಂಚು ಮುರಿಯುತ್ತದೆ, ರಿಂಗು ಹಿಡಿತ ತಪ್ಪುತ್ತದೆ, ಎಣ್ಣೆ ಮೇಲೆ ಬಂದು ಉರಿಯುತ್ತದೆ. ಅವನು ಕಂಡ ನೀಲಿ ಹೊಗೆ ಅದೇ. ಇದರ ಜೊತೆಗೆ ಬಲವೂ ಸಣ್ಣದಲ್ಲ: 80 ವಾಯುಮಂಡಲ ಒತ್ತಡದಲ್ಲಿ 81 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮೇಲೆ ಬೀಳುವ ಬಲ ನಾಲ್ಕು ಟನ್ ತೂಕಕ್ಕೆ ಸಮ.

ಎಂಜಿನ್ನಿಗೂ ಕಿವಿ ಇದೆ. ಬಡಿತದ ಧ್ವನಿಯ ಆವೃತ್ತಿ ಸಿಲಿಂಡರಿನ ವ್ಯಾಸವನ್ನು ಅವಲಂಬಿಸುತ್ತದೆ. ಬಿಸಿ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 950 ಮೀಟರ್ ಎಂದುಕೊಂಡರೆ 81 ಮಿ.ಮೀ. ಸಿಲಿಂಡರಿನಲ್ಲಿ ಅದು 7000 ಹರ್ಟ್ಸ್‌ಗೆ ಹತ್ತಿರ. ಎಂಜಿನ್ನಿನ ಮೈಗೆ ಬಿಗಿದ ಪೀಜೋವಿದ್ಯುತ್ ಹರಳೊಂದು ಆ ಆವೃತ್ತಿಯನ್ನು ಆಲಿಸುತ್ತಿರುತ್ತದೆ. ಬಡಿತ ಕೇಳಿದೊಡನೆ ಇಸಿಯು ಕಿಡಿಯನ್ನು ಕೆಲವು ಡಿಗ್ರಿ ಹಿಂದೂಡುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ 1980ರ ದಶಕದ ಆರಂಭದಲ್ಲೇ ಇಂಥ ವ್ಯವಸ್ಥೆಯನ್ನು ಟರ್ಬೊ ಕಾರುಗಳಲ್ಲಿ ತಂದಿತು. ಆದರೆ ಹಿಂದೂಡಲು ಒಂದು ಮಿತಿಯಿದೆ. ತಡವಾಗಿ ಉರಿದ ಅನಿಲ ಇನ್ನೂ ಬಿಸಿಯಾಗಿ ಹೊರಬಂದು ಟರ್ಬೈನನ್ನು ಸುಡುತ್ತದೆ. ಕೆಲವು ಟ್ಯೂನರ್‌ಗಳು ಈ ಕಿವಿಯನ್ನೇ ಮಂದಗೊಳಿಸುತ್ತಾರೆಂದು ಕೇಳಿದ್ದೇನೆ. ಜ್ವರ ಕಾಣದಿರಲೆಂದು ಥರ್ಮಾಮೀಟರ್ ಒಡೆಯುವ ಚಿಕಿತ್ಸೆ ಅದು.

ಬಡಿತವನ್ನು ತಡೆಯುವ ಇಂಧನದ ಗುಣವೇ ಆಕ್ಟೇನ್ ಸಂಖ್ಯೆ. ನಮ್ಮ ದೇಶದಲ್ಲಿ ಬಹುಕಾಲ ಬಂಕುಗಳಲ್ಲಿ ಸಿಗುತ್ತಿದ್ದ ಸಾಮಾನ್ಯ ಪೆಟ್ರೋಲಿನದು 91. ಜರ್ಮನಿಯಲ್ಲಿ 98ಕ್ಕೆಂದು ಬರೆದ ಕೋಷ್ಟಕವನ್ನು ತಂದು 91ರ ಪೆಟ್ರೋಲ್ ಕುಡಿಯುವ ಕಾರಿಗೆ ತುಂಬಿದರೆ ಏನಾಗಬಹುದೆಂದು ಹೇಳಬೇಕಿಲ್ಲ. ನನ್ನ ವಿದ್ಯಾರ್ಥಿಗೆ ತನ್ನ ಕೋಷ್ಟಕ ಯಾವ ಆಕ್ಟೇನಿನದು ಎಂದು ಕೇಳಬೇಕೆಂದೇ ಹೊಳೆದಿರಲಿಲ್ಲ.

ಎಥನಾಲ್‌ನ ವಿಚಾರ ಕುತೂಹಲದ್ದು. ಅಮೆರಿಕದಲ್ಲಿ ಟರ್ಬೊ ಕಾರಿನವರು ಶೇಕಡಾ 85ರವರೆಗೆ ಎಥನಾಲ್ ಇರುವ ಇಂಧನವನ್ನು ಇಷ್ಟಪಡುತ್ತಾರೆ. ಎಥನಾಲ್‌ನ ಕಿಲೋಗ್ರಾಂಗೆ ಸಿಗುವ ಉಷ್ಣ 27 ಮೆಗಾಜೂಲ್ ಮಾತ್ರ, ಪೆಟ್ರೋಲಿಗಿಂತ ಬಹಳ ಕಡಿಮೆ. ಹಾಗಿದ್ದರೆ ಲಾಭವೆಲ್ಲಿ? ಅದಕ್ಕೆ ಬೇಕಾದ ಗಾಳಿಯೂ ಕಡಿಮೆ, 9 ಕಿಲೋಗ್ರಾಂ. ಭಾಗಿಸಿ ನೋಡಿ: ಒಂದು ಕಿಲೋಗ್ರಾಂ ಗಾಳಿಗೆ ಮತ್ತೆ ಅದೇ 3 ಮೆಗಾಜೂಲ್! ಲಾಭ ಇರುವುದು ಅದರ ಹೆಚ್ಚಿನ ಆಕ್ಟೇನಿನಲ್ಲಿ ಮತ್ತು ಗುಪ್ತೋಷ್ಣದಲ್ಲಿ. ಪ್ರತಿ ಕಿಲೋಗ್ರಾಂ ಗಾಳಿಗೆ ಎಥನಾಲ್ ಆವಿಯಾಗಲು ಹೀರುವ ಉಷ್ಣ ಪೆಟ್ರೋಲಿನ ಸುಮಾರು ನಾಲ್ಕು ಪಟ್ಟು. ಇಂಧನವೇ ಇಂಟರ್‌ಕೂಲರಾಗುತ್ತದೆ. 1962ರಲ್ಲೇ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿನಲ್ಲಿ ನೀರು ಮತ್ತು ಮೆಥನಾಲ್‌ನ ಮಿಶ್ರಣವನ್ನು ಚಿಮ್ಮಿಸುತ್ತಿದ್ದರು. ಬಾಟಲಿ ಖಾಲಿಯಾದರೆ ತುಂಬಿಸುವ ತಾಳ್ಮೆ ಬಹಳ ಜನ ಮಾಲೀಕರಿಗೆ ಇರಲಿಲ್ಲ. ನಮ್ಮಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಅದರ ಆಕ್ಟೇನ್ ಹೆಚ್ಚು, ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಇಂಜೆಕ್ಟರ್ ಮೊದಲೇ ಕೊನೆಯ ಮಿತಿಯಲ್ಲಿದ್ದ ಕಾರಿನಲ್ಲಿ ಇದನ್ನು ಲೆಕ್ಕ ಹಾಕಲೇಬೇಕು.

ಡೈನೊ ಕಾಗದ

ವರ್ಕ್‌ಶಾಪಿನವರು ಅವನಿಗೆ ಒಂದು ನಕ್ಷೆ ಕೊಟ್ಟಿದ್ದರು, 40 ಹೆಚ್ಚಿದೆ ಎಂಬುದಕ್ಕೆ ಸಾಕ್ಷಿ. ಡೈನೊ ಎಂಬ ಉರುಳೆಗಳ ಮೇಲೆ ಕಾರಿನ ಚಕ್ರ ತಿರುಗಿಸಿ, ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿ ಸಾಮರ್ಥ್ಯ ತೆಗೆಯುತ್ತಾರೆ. ನಕ್ಷೆ ಸುಳ್ಳಾಗಿರಲಿಲ್ಲ. ಬಾನೆಟ್ ತೆರೆದು, ಮುಂದೆ ದೊಡ್ಡ ಫ್ಯಾನ್ ಇಟ್ಟು, ಹತ್ತು ಹದಿನೈದು ಸೆಕೆಂಡು ಎಳೆದ ಅಳತೆ ಅದು. ಘಾಟಿಯಲ್ಲಿ ಎಂಜಿನ್ ಇಪ್ಪತ್ತು ನಿಮಿಷ ಎಳೆಯಿತು, ಕಡಿಮೆ ವೇಗದಲ್ಲಿ, ಇಂಟರ್‌ಕೂಲರಿನ ಮೇಲೆ ಗಾಳಿಯೇ ಸಾಲದ ಸ್ಥಿತಿಯಲ್ಲಿ. ಎರಡೂ ಕಡೆ ಕೋಷ್ಟಕ ಒಂದೇ.

ಡೈನೊ ಇಲ್ಲದೆಯೂ ವಿದ್ಯಾರ್ಥಿಗಳು ಕಾರು ಪತ್ರಿಕೆಗಳ ಪರೀಕ್ಷಾ ಅಂಕಿಗಳಿಂದ ಅಂದಾಜು ಮಾಡಬಹುದು. 1400 ಕಿಲೋಗ್ರಾಂ ಕಾರು ಗಂಟೆಗೆ 60ರಿಂದ 100 ಕಿ.ಮೀ.ಗೆ ಏರಲು ಪಡೆಯುವ ಚಲನ ಶಕ್ತಿ ಸುಮಾರು 346 ಕಿಲೋಜೂಲ್. ಅದಕ್ಕೆ 5 ಸೆಕೆಂಡು ಹಿಡಿದರೆ ಸರಾಸರಿ 69 ಕಿಲೋವ್ಯಾಟ್, 94 ಅಶ್ವಸಾಮರ್ಥ್ಯ. ಗಾಳಿಯ ತಡೆಯದು ಬೇರೆ. ಇದನ್ನು ರಸ್ತೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ಬ್ರೇಕುಗಳು ಕರಗಿಸಬೇಕಾದದ್ದೂ ಇದೇ ಚಲನ ಶಕ್ತಿಯನ್ನೇ, ಅವನ್ನು ಯಾರೂ ಟ್ಯೂನ್ ಮಾಡಿರುವುದಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ನಿಷೇಧಿಸುತ್ತದೆ. ಮಿಶ್ರಣ 14.7ರ ಹತ್ತಿರ ಇಲ್ಲದಾಗ ಹೊಗೆ ಶುದ್ಧೀಕರಿಸುವ ವೇಗವರ್ಧಕವೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಎಂಜಿನ್ ರಿಪೇರಿಯಾದ ಮೇಲೆ ಅವನು ಕಾರ್ಖಾನೆಯ ಕೋಷ್ಟಕವನ್ನೇ ಮತ್ತೆ ಹಾಕಿಸಿದ. ಆಮೇಲೆ ಒಂದು ಭಾನುವಾರ ಲ್ಯಾಪ್‌ಟಾಪ್ ಜೋಡಿಸಿ, ಒಳಬರುವ ಗಾಳಿಯ ತಾಪ ಮತ್ತು ಕಿಡಿಯ ಹಿಂದೂಡಿಕೆ ಎರಡನ್ನೂ ದಾಖಲಿಸುತ್ತ ಅದೇ ಘಾಟಿಯನ್ನು ಹತ್ತಿ ಬಂದ. ಕೆಳಗೆ 41 ಡಿಗ್ರಿ ಇದ್ದ ತಾಪ ಅರ್ಧ ದಾರಿಯಲ್ಲಿ 63 ಆಗಿತ್ತು. 55 ದಾಟಿದ ಕ್ಷಣದಿಂದ ಇಸಿಯು ಕಿಡಿಯನ್ನು ಸ್ವಲ್ಪಸ್ವಲ್ಪವೇ ಹಿಂದೂಡುತ್ತ, ಟರ್ಬೊದ ಒತ್ತಡವನ್ನೂ ಇಳಿಸುತ್ತ ಹೋಗಿತ್ತು. "ಸರ್, ಕಾರೇ ನಿಧಾನ ಮಾಡಿಕೊಂಡಿದೆ, ನನಗೆ ಗೊತ್ತೇ ಆಗಲಿಲ್ಲ" ಎಂದ. ಆ ಎರಡು ರೇಖೆಗಳ ನಕ್ಷೆಯನ್ನು ಈ ವರ್ಷ ನಾನು ಉಷ್ಣಗತಿಶಾಸ್ತ್ರದ ಮೊದಲ ಪಾಠಕ್ಕೆ ಬಳಸುತ್ತಿದ್ದೇನೆ.